ಪ್ಲೇಟಿನ ಹಾಡಿಗೆ ಹತ್ತು ವರ್ಷ ಮಾಡಿದ್ದು

ಮೊನ್ನೆ ರೇಡಿಯೋದಲ್ಲಿ ಯಾವುದೋ ಹಾಡಿಗೆ ಇಪ್ಪತ್ತೈದು ವರ್ಷ ತುಂಬಿತು ಎಂದು ಹೇಳಿ ಅದನ್ನೇ ಎರಡು ಸಲ ಹಾಕಿದರು. ನೀವೆಲ್ಲ ಖುಷಿಪಟ್ಟಿರಿ. ನಾನು ಎದ್ದು ಒಳಗೆ ಹೋದೆ. "ಅಜ್ಜಿಗೆ ಹಾಡು ಕಂಡ್ರೆ ಆಗಲ್ಲ" ಎಂದು ನಿಮ್ಮಲ್ಲೊಬ್ಬರು ಅಂದದ್ದು ಕೇಳಿಸಿತು. ಹಾಡು ಕಂಡರೆ ಆಗುತ್ತದೆ. ಹಾಡಿಗೆ ವರ್ಷ ಮಾಡುವವರನ್ನು ಕಂಡರೆ ಆಗುವುದಿಲ್ಲ. ಅದು ಯಾಕೆಂದು ಎದುರು ಕೂತು ಹೇಳುವುದು ನನ್ನಿಂದ ಆಗದು, ಅದಕ್ಕೇ ಬರೆಯುತ್ತಿದ್ದೇನೆ. ಐಗಳ ಮಠದಲ್ಲಿ ಕಲಿತ ಮೂರು ವರ್ಷದ ಓದು ಇಷ್ಟಕ್ಕಾದರೂ ಬರಲಿ.

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ತೀರಿಕೊಂಡ ಮೇಲೆ ನಿಮ್ಮ ತಾತ ಮನೆ ಅಳಿಯನಾಗಿ ಬಂದು ಮಗ್ಗದಲ್ಲಿ ಕೂತರು. ಮನೆಯಲ್ಲಿ ನಾವು ಮೂರೇ ಜನ: ಅವ್ವ, ಅವರು, ನಾನು.

ಸೀರೆಯ ಮೈ ನೇಯುವುದಕ್ಕೆ ಒಬ್ಬರು ಸಾಕು. ಸೆರಗಿಗೆ ಚಿತ್ರ ಬರಬೇಕಾದರೆ ಇಬ್ಬರು ಬೇಕು. ಒಬ್ಬರು ಕೂತು ಲಾಳಿ ಹಾಯಿಸುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ನಿಂತು, ಮಗ್ಗದ ಮೇಲಿಂದ ಇಳಿಬಿಟ್ಟ ದಾರಗಳಲ್ಲಿ ಬೇಕಾದವನ್ನು ಆರಿಸಿ ಎಳೆಯುತ್ತಾರೆ. ಎಳೆದಾಗ ಕೆಳಗಿನ ರೇಷ್ಮೆ ಎಳೆಗಳು ಮೇಲೇಳುತ್ತವೆ, ಆ ಸಂದಿನಲ್ಲಿ ಜರಿ ಹಾಯುತ್ತದೆ. ಹೀಗೆ ಸಾಲಿನ ಮೇಲೆ ಸಾಲು ಬಿದ್ದು ನವಿಲಾಗುತ್ತದೆ. ಮೊದಲು ಕಾಲು, ಆಮೇಲೆ ಹೊಟ್ಟೆ, ರೆಕ್ಕೆ, ಕೊನೆಗೆ ಕುತ್ತಿಗೆ, ತಲೆ. ಯಾವ ಸಾಲಿಗೆ ಎಷ್ಟು ದಾರ ಬಿಡಬೇಕು, ಎಷ್ಟು ಎಳೆಯಬೇಕು ಎಂಬುದು ನಮ್ಮ ಮನೆಯಲ್ಲಿ ಕಾಗದದ ಮೇಲೆ ಇರಲಿಲ್ಲ. ಅವ್ವನ ಬಾಯಲ್ಲಿತ್ತು. ಆ ನವಿಲು ಅವಳೇ ಕಟ್ಟಿದ್ದು. ಮರೆಯಬಾರದೆಂದು ಅದನ್ನು ಹಾಡು ಮಾಡಿಟ್ಟುಕೊಂಡಿದ್ದಳು.

ಮೂರು ಮನೆಯ ದಾಟಿ ಎರಡು ಬಾಗಿಲ ತೆರೆದು
ನೀರಿಗೆ ನಡೆದಾಳೆ ಕಿರಿಸೊಸೆ.

ಬಿಟ್ಟ ದಾರ ಮನೆ, ಎಳೆದ ದಾರ ಬಾಗಿಲು. ಇದು ಮೊದಲನೇ ನುಡಿ, ನವಿಲಿನ ಕಾಲು. ಒಂದೊಂದು ನುಡಿಯನ್ನು ನಾಲ್ಕು ನಾಲ್ಕು ಸಲ ಹೇಳಿ, ಹೇಳಿದ ಹಾಗೆ ಎಳೆದರೆ ನಾಲ್ಕು ಸಾಲು. ಒಟ್ಟು ಒಂಬತ್ತು ನುಡಿ. ಎಂಟನೆಯದಕ್ಕೆ ಕುತ್ತಿಗೆ, ಒಂಬತ್ತನೆಯದಕ್ಕೆ ಜುಟ್ಟಿನ ಸಮೇತ ತಲೆ. ಕೇಳುವವರಿಗೆ ಯಾವುದೋ ಸೊಸೆ ಕೇರಿಯಲ್ಲಿ ನೀರಿಗೆ ಹೋದ ಹಾಡು. ನಮಗೆ ನವಿಲು.

ನಮ್ಮ ಸೀರೆ ಕೊಳ್ಳುತ್ತಿದ್ದವನು ಚಳ್ಳಕೆರೆಯ ಒಬ್ಬ ಸಾಹುಕಾರ. ಹಣೆ ತುಂಬ ವಿಭೂತಿ, ಮಾತು ತುಂಬ ಬೆಲ್ಲ. ನನಗೆ ಮದುವೆಯಾದ ವರ್ಷ ಅವನು ಬಂದಾಗ ಒಳಗೆ ಸೆರಗಿನ ಕೆಲಸ ನಡೆದಿತ್ತು, ಅವ್ವ ಹಾಡುತ್ತಿದ್ದಳು. ಅವನು ಜಗಲಿಯ ಮೇಲೆ ಕೂತು ತಲೆದೂಗಿದ. ಆಮೇಲೆ ಬಾಗಿಲ ಕಡೆ ತಿರುಗಿ, "ಎಷ್ಟು ಚೆಂದ ಐತಮ್ಮ! ಇನ್ನೊಂದ್ಸಲ ನಿಧಾನಕ್ಕೆ ಹೇಳು" ಎಂದ.

ಅವ್ವನ ಹಾಡನ್ನು ಇನ್ನೊಂದು ಸಲ ಹೇಳು ಅಂದವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಬಾಗಿಲ ಹಿಂದೆ ನಿಂತು, ಕೆನ್ನೆ ಕೆಂಪು ಮಾಡಿಕೊಂಡು ಹೇಳಿದಳು. ಅವನು ಬರೆದುಕೊಂಡ. ಏಳನೇ ನುಡಿ ಮುಗಿಯುವಾಗ ಗಾಡಿ ಹೂಡಿದ್ದರು.

"ಇನ್ನೂ ಎರಡು ಅದಾವೆ ಸಾಹುಕಾರ್ರೆ" ಎಂದಳು ಅವ್ವ.

"ಸಾಕು ಬಿಡಮ್ಮ. ಎಲ್ಲಾ ಮನೆ ಬಾಗಿಲೇ ಅಲ್ವಾ?" ಎಂದು ಅವನು ಎದ್ದ.

ಮರುವರ್ಷ ಚಳ್ಳಕೆರೆಯಿಂದ ಹೇಳಿಕೆ ಬಂತು. ಸಾಹುಕಾರನ ಮನೆಗೆ ಗ್ರಾಮಫೋನು ಬಂದಿದೆ, ಜೊತೆಗೆ ಅವನದೇ ಹಾಡಿನ ಪ್ಲೇಟು ಬಂದಿದೆ, ಎಲ್ಲರೂ ಬರಬೇಕು ಎಂದು. ಪ್ಲೇಟು ಮಾಡುವವರು ದೊಡ್ಡ ಊರಿನಲ್ಲಿ ಬಂದು ತಂಗಿದ್ದರಂತೆ, ಇವನು ನಾಟಕ ಕಂಪನಿಯ ಒಬ್ಬಾಕೆಯನ್ನು ಕರೆದುಕೊಂಡು ಹೋಗಿ ಹಾಡಿಸಿದ್ದನಂತೆ. ನಾವು ಗಾಡಿ ಕಟ್ಟಿಕೊಂಡು ಹೋದೆವು. ಪೆಟ್ಟಿಗೆಯ ಮೇಲೆ ಹಿತ್ತಾಳೆಯ ದೊಡ್ಡ ತುತ್ತೂರಿ, ಅದಕ್ಕೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ಕೀಲಿ ಕೊಟ್ಟು ಮುಳ್ಳು ಇಟ್ಟರು. ಕರಕರ ಅಂದಿತು. ಆಮೇಲೆ ಒಳಗಿಂದ ಒಬ್ಬ ಹೆಂಗಸು, ಮೂರು ಮನೆಯ ದಾಟಿ, ಎಂದಳು.

ಅವ್ವ ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಇನ್ನೂ ಸಂತೋಷವೇ ಇತ್ತು. ಏಳು ನುಡಿ ಆಯಿತು. ಆ ಕಾಲದ ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ತಮ್ಮ ಹೆಸರನ್ನು ಕೂಗಿ ಹೇಳುವ ಪದ್ಧತಿ ಇತ್ತು. ಆಕೆಯೂ ತನ್ನ ಹೆಸರು ಕೂಗಿದಳು. ಅದರ ಬೆನ್ನಿಗೇ, ಈ ಪದ ಕಟ್ಟಿದವರು ಚಳ್ಳಕೆರೆಯ ಇಂಥ ಸಾಹುಕಾರರು ಎಂದು ಅವನ ಹೆಸರನ್ನೂ ಕೂಗಿದಳು. ಪ್ಲೇಟು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಅವ್ವ ನನ್ನ ಕೈ ಬಿಟ್ಟಳು.

ನಮ್ಮ ಕಡೆ ವರ್ಷ ಮಾಡುವುದು ಸತ್ತವರಿಗೆ. ಹಾಡಿಗೆ ವರ್ಷ ಮಾಡಿದವನು ನಾನು ಕಂಡಂತೆ ಅವನೇ ಮೊದಲಿಗ. ಪ್ಲೇಟು ಬಂದದ್ದು ಕಾರ್ತಿಕದ ಎರಡನೇ ಸೋಮವಾರ. ಪ್ರತಿವರ್ಷ ಅದೇ ಸೋಮವಾರ ಪೆಟ್ಟಿಗೆಗೆ ಪೂಜೆ, ಪ್ಲೇಟು ಹಾಕುವುದು, ಊಟ, ಭಾಷಣ. ಹಾಡು ಹೇಗೆ ಹುಟ್ಟಿತು ಎಂದು ಅವನು ಹೇಳುತ್ತಿದ್ದ. ಮೊದಲ ವರ್ಷ ಅದು ಬೆಟ್ಟದ ಮೇಲೆ ತಂಗಾಳಿಯಲ್ಲಿ ಕೂತಾಗ ಹೊಳೆದಿತ್ತು. ಮೂರನೇ ವರ್ಷದ ಹೊತ್ತಿಗೆ ಅಮ್ಮನವರು ಕನಸಿನಲ್ಲಿ ಬಂದು ಹೇಳಿದ್ದರು. ಆರನೇ ವರ್ಷ ಅಮ್ಮನವರು ಅವನ ನಾಲಿಗೆಯ ಮೇಲೇ ಬರೆದಿದ್ದರು. ನಿಮ್ಮ ತಾತ ಗಾಡಿಯಲ್ಲಿ, "ಮುಂದಿನ ವರ್ಷ ಅಮ್ಮನೋರೇ ಬಂದು ಪೆಟ್ಟಿಗೆಗೆ ಕೀಲಿ ಕೊಡ್ತಾರೆ ನೋಡು" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಾವು ಹೋಗದಿದ್ದರೆ ಅವನು ಸೀರೆ ಕೊಳ್ಳುತ್ತಿರಲಿಲ್ಲ. ಆದ್ದರಿಂದ ವರ್ಷ ವರ್ಷವೂ ಹೋಗಿ, ಅವ್ವ ಹೆಂಗಸರ ಸಾಲಿನಲ್ಲಿ ಕೂತು ಅದನ್ನು ಕೇಳಿ ಬರುತ್ತಿದ್ದಳು.

ಇಷ್ಟೇ ಆಗಿದ್ದರೆ ನಾನು ನುಂಗಿಕೊಂಡಿರುತ್ತಿದ್ದೆನೋ ಏನೋ. ಏಳನೇ ವರ್ಷ ನಮ್ಮ ಕೇರಿಯ ಒಂದು ಮದುವೆಯಲ್ಲಿ ಹೆಂಗಸರು ಅವ್ವನಿಗೆ ಪ್ಲೇಟಿನ ಹಾಡು ಹೇಳು ಅಂದರು. ಅವ್ವ ಒಂಬತ್ತೂ ನುಡಿ ಹೇಳಿದಳು. ಗಂಡಿನ ಕಡೆಯ ಒಬ್ಬಾಕೆ ಚಳ್ಳಕೆರೆಯವಳು, ಎಲ್ಲರ ಮುಂದೆ, "ಇದೇನಮ್ಮ, ಪ್ಲೇಟ್ನಾಗೆ ಇಲ್ಲದ್ದನ್ನ ಕೊನೇಗೆ ಅಂಟಿಸ್ತೀಯ? ದೊಡ್ಡೋರು ಕಟ್ಟಿದ ಪದ ಕೆಡಿಸ್ಬಾರ್ದು" ಎಂದಳು. ಆ ವರ್ಷ ಕಾರ್ತಿಕದಲ್ಲಿ ಸಾಹುಕಾರನ ಕಿವಿಗೂ ಆ ಸುದ್ದಿ ಬಿದ್ದಿತ್ತು. ಭಾಷಣದಲ್ಲಿ ಅವನು ಅವ್ವ ಕೂತಿದ್ದ ಕಡೆ ನೋಡಿಕೊಂಡೇ, "ಪ್ಲೇಟ್ನಲ್ಲಿ ಇರೋದೇ ಹಾಡು. ಹೆಂಗಸ್ರು ಸೇರಿಸಿದ್ದೆಲ್ಲ ಬಾಲ" ಎಂದ. ಜನ ನಕ್ಕರು.

ಊರಿಗೆ ಬಂದ ಮೇಲೆ ಅವ್ವ ಹಾಡುವುದನ್ನು ಬಿಟ್ಟಳು. ಮಗ್ಗದ ಪಕ್ಕದಲ್ಲೂ ಹಾಡಲಿಲ್ಲ. ಹಾಡದೆ ದಾರ ಎಳೆದರೆ ಅವಳ ಕೈ ತಪ್ಪುತ್ತಿತ್ತು. ನವಿಲಿನ ರೆಕ್ಕೆ ಹರಿದಂತೆ ಬಂತು, ಕಾಲು ಸೊಟ್ಟ ಬಂತು. ಒಂದು ದಿನ ಅವಳೇ ದಾರಗಳನ್ನು ಬಿಟ್ಟು, "ನೀನೇ ನಿಂತ್ಕೊ, ನನ್ ಕೈಲಿ ಆಗಲ್ಲ" ಎಂದು ನನ್ನನ್ನು ನಿಲ್ಲಿಸಿದಳು. ನಾನು ತುಟಿ ಮಾತ್ರ ಆಡಿಸಿಕೊಂಡು ಎಳೆಯುತ್ತಿದ್ದೆ. ಅವ್ವ ಮೂಲೆಯಲ್ಲಿ ರಾಟೆ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ತಾನು ಹುಟ್ಟಿಸಿದ ನವಿಲನ್ನು ಮೂರು ವರ್ಷ ಅವಳು ಮುಟ್ಟಲಿಲ್ಲ. ಅವನ ಮೇಲೆ ನನಗೆ ಹುಟ್ಟಿದ್ದು ಸಿಟ್ಟಲ್ಲ, ಸಿಟ್ಟು ಬಂದು ಹೋಗುತ್ತದೆ. ಒಲೆಯ ಮುಂದೆ ಕೂತರೂ, ಕೊಡ ತುಂಬುವಾಗಲೂ, ಅವನ ಬಾಯಿಂದ ಅದು ಸುಳ್ಳು ಎಂದು ಹತ್ತು ಜನರ ಎದುರಿಗೆ ಹೊರಡಿಸಬೇಕು, ಅವ್ವ ಅದನ್ನು ನೋಡಬೇಕು ಎಂದೇ ಎಣಿಸುತ್ತಿದ್ದೆ. ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಗಂಡಸರ ಎದುರು ಹೌದು ಅನ್ನುವುದಕ್ಕೂ ನನಗೆ ಬಾಯಿ ಏಳುತ್ತಿರಲಿಲ್ಲ.

ದಾರಿಯನ್ನು ಅವನೇ ತೋರಿಸಿದ. ಹತ್ತನೇ ವರ್ಷ ದೊಡ್ಡದಾಗಿ ಮಾಡಬೇಕು, ಹಾಡಿದಾಕೆಯನ್ನು ಕರೆಸಿ ಸೀರೆ ಉಡಿಸಬೇಕು ಎಂದು ಅವನಿಗೆ ಅನ್ನಿಸಿತು. ಮಹಾನವಮಿ ಕಳೆದ ಮೇಲೆ ನಮ್ಮ ಜಗಲಿಗೆ ಬಂದು ನಿಮ್ಮ ತಾತನಿಗೆ ಹೇಳಿದ:

"ನೋಡ್ಲೇ ಅಳಿಯಪ್ಪ, ನನ್ನ ಹಾಡಿನ ಸೀರೆ ಆಗ್ಬೇಕು. ಹಾಡ್ನಲ್ಲಿ ಏನೈತೋ ಅದೇ ಸೆರಗಿನಲ್ಲಿ ಇರ್ಬೇಕು. ಒಂದ್ ಕೂದಲು ಹೆಚ್ಚಿಲ್ಲ, ಒಂದ್ ಕೂದಲು ಕಮ್ಮಿ ಇಲ್ಲ."

ಅವನ ತಲೆಯಲ್ಲಿ ಇದ್ದದ್ದು ಮನೆಗಳು, ಬಾಗಿಲುಗಳು, ಕೊಡ ಹೊತ್ತ ಸೊಸೆ. ನಿಮ್ಮ ತಾತ ಹೂಂ ಅಂದರು. ಅವನು ಹೋದ ಮೇಲೆ ಒಳಗೆ ಬಂದು, "ಮನೆ ಬಾಗಿಲು ನೇಯೋದು ಹೆಂಗೆ ಮಾರಾಯ್ತಿ?" ಎಂದು ತಲೆ ಕೆರೆದುಕೊಂಡರು.

ನಾನು, "ಹಾಡ್ನಲ್ಲಿ ಇರೋದು ನವಿಲು ತಾನೇ?" ಅಂದೆ.

"ಹೂಂ."

"ಪ್ಲೇಟ್ನಲ್ಲಿ ಎಷ್ಟೈತೋ ಅಷ್ಟು ನೇಯ್ರಿ."

ಅವರು ಲಾಳಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಏಳು ನುಡಿ ಅಂದ್ರೆ..." ಎಂದರು. ಆಮೇಲೆ ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದರು. ನಕ್ಕು ಸಾಕಾದ ಮೇಲೆ, "ಅವನು ಇನ್ಮೇಲೆ ನಮ್ಮ ಸೀರೆ ಮುಟ್ಟಲ್ಲ ಕಣೇ. ಆಮೇಲೆ ಬಳ್ಳಾರಿಗೆ ಹೊತ್ಕೊಂಡು ಹೋಗಿ ಮಾರ್ಬೇಕಾಗ್ತೈತೆ" ಎಂದರು.

"ನಾನೂ ಹೊರ್ತೀನಿ" ಅಂದೆ.

ಆ ಸೆರಗು ನೇಯ್ದದ್ದು ಹನ್ನೊಂದು ದಿನ. ಸಾಲಿಗೆ ಏಳು ನವಿಲಿನ ಹಾಗೆ ಐದು ಸಾಲು. ಅಷ್ಟು ಶುದ್ಧವಾದ ಕೆಲಸ ನಾನು ಆಮೇಲೆ ಎಂದೂ ಮಾಡಲಿಲ್ಲ. ಉಗುರು, ಗರಿ, ಹೊಟ್ಟೆಯ ಚುಕ್ಕಿ, ಎಲ್ಲ ಎಣಿಸಿ ಇಟ್ಟಂತೆ ಬಂತು. ಏಳನೇ ನುಡಿ ಮುಗಿದ ಕೂಡಲೇ ದಾರ ಬಿಟ್ಟುಬಿಡುತ್ತಿದ್ದೆ. ಅವ್ವ ರಾಟೆಯ ಮುಂದಿನಿಂದ ಒಂದೆರಡು ಸಲ ತಲೆ ಎತ್ತಿ ನೋಡಿದಳು. ಏನು ನೇಯುತ್ತಿದ್ದೀರಿ ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹೊಸ ಸೀರೆಯ ಮಡಿಕೆಯನ್ನು ಉಡುವವಳೇ ಮುರಿಯಬೇಕು. ನಡುವೆ ಯಾರೂ ಬಿಚ್ಚಿ ನೋಡುವಂತಿಲ್ಲ, ಅದು ನಮ್ಮ ಕಡೆಯ ಶಾಸ್ತ್ರ. ಸೆರಗನ್ನು ಒಳಗಿಟ್ಟು ಮಡಿಸಿ, ಮೇಲೆ ಅರಿಶಿನ ಹಚ್ಚಿ, ದಾರ ಕಟ್ಟಿ ಅವನ ಕೈಗೆ ಕೊಟ್ಟೆವು. ಅವನು ಕಣ್ಣಿಗೆ ಒತ್ತಿಕೊಂಡ.

ಆ ಸೋಮವಾರ ಮಧ್ಯಾಹ್ನ ಅವನ ಮನೆಯ ಮುಂದಿನ ಚಪ್ಪರದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪರಶುರಾಂಪುರದಿಂದ, ಸಿದ್ದಾಪುರದಿಂದ ಜನ ಬಂದಿದ್ದರು. ನಮ್ಮೂರಿನ ನೇಯುವವರು ಹದಿನೈದು ಇಪ್ಪತ್ತು ಜನ ಇದ್ದರು. ಈ ಸಲ ಅಮ್ಮನವರು ಬರೀ ನಾಲಿಗೆಯ ಮೇಲೆ ಬರೆದಿರಲಿಲ್ಲ, ಬರೆದು ಅವನನ್ನು ಮಗನೇ ಎಂದೂ ಕರೆದಿದ್ದರು. ಭಾಷಣ ಮುಗಿಸಿ ಅವನು ಹಾಡಿದಾಕೆಯನ್ನು ಮುಂದೆ ಕರೆದ. ಪಾಪ, ಆಕೆಗೆ ವಯಸ್ಸಾಗಿತ್ತು. ಆಕೆ ದಾರ ಬಿಚ್ಚಿ ಮಡಿಕೆ ಮುರಿದಳು. ಸಾಹುಕಾರ ಒಂದು ತುದಿ, ಆಕೆ ಒಂದು ತುದಿ ಹಿಡಿದು ಸೆರಗನ್ನು ಜನರ ಕಡೆ ಅಗಲಿಸಿದರು. ಹಿಡಿದವರಿಗೆ ಅದರ ಹಿಮ್ಮೈ ಕಾಣುತ್ತಿತ್ತು. ಜನರಿಗೆ ಮುಮ್ಮೈ.

ಹಿಂದಿನಿಂದ ಯಾರೋ, "ಇದೇನ್ಲೇ, ಸಾಹುಕಾರ್ರ ಮನ್ಯಾಗೆ ಕೋಳಿ ಕುಯ್ದವ್ರೆ!" ಎಂದ.

ಈರುಳ್ಳಿಯನ್ನೂ ಸೋಮವಾರ ಮುಟ್ಟದ ಮನೆ ಅದು. ಚಪ್ಪರ ಅದುರುವ ಹಾಗೆ ಜನ ನಕ್ಕರು. ಸಾಹುಕಾರ ಬಗ್ಗಿ ಸೆರಗಿನ ಮುಂಭಾಗ ನೋಡಿದ. ಐದು ಸಾಲು ನವಿಲು, ಒಂದಕ್ಕೂ ಕುತ್ತಿಗೆ ಇಲ್ಲ, ತಲೆ ಇಲ್ಲ.

"ಎಲ್ಲೋ ಅವನು? ಬಾರೋ ಇಲ್ಲಿ!" ಎಂದು ನಿಮ್ಮ ತಾತನನ್ನು ಕರೆದ. "ಏನ್ಲೇ ಇದು?"

"ನಿಮ್ಮ ಹಾಡು ಸಾಹುಕಾರ್ರೆ" ಎಂದರು ಇವರು, ಕೈ ಕಟ್ಟಿಕೊಂಡು.

"ನನ್ನ ಹಾಡ್ನಲ್ಲಿ ನವಿಲು ಎಲ್ಲೈತೋ?"

ಅಷ್ಟೇ ಬೇಕಾಗಿದ್ದದ್ದು. ನಮ್ಮೂರಿನ ನೇಯುವವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಒಬ್ಬ ತೆಲುಗು ಮಾತಿನ ಮುದುಕ, ಎಲ್ಲರಿಗೂ ಹಿರಿಯ, ಎದ್ದು ಬಂದು ಸೆರಗನ್ನು ಬೆರಳಲ್ಲಿ ಸವರಿದ. "ಪ್ಲೇಟು ಹಾಕ್ರಿ" ಎಂದ. ಮುಳ್ಳು ಇಟ್ಟರು. ಮೂರು ಮನೆಯ ದಾಟಿ ಎರಡು ಬಾಗಿಲ ತೆರೆದು ಅಂದಾಗ ಮುದುಕ ಕೆಳಗಿನ ಸಾಲಿನಲ್ಲಿ ಮೂರು ಎಳೆ ಬಿಟ್ಟು ಎರಡು ಎಳೆ ಎದ್ದದ್ದನ್ನು ತೋರಿಸಿದ. ಒಂದೊಂದು ನುಡಿಗೂ ಅವನ ಬೆರಳು ಮೇಲೆ ಮೇಲೆ ಹತ್ತಿತು: ಕಾಲು, ಹೊಟ್ಟೆ, ರೆಕ್ಕೆ. ಏನೂ ತಿಳಿಯದವರಿಗೂ ತಿಳಿಯಿತು. ಏಳನೇ ನುಡಿ ಮುಗಿಯಿತು. ಹೆಂಗಸು ತನ್ನ ಹೆಸರು ಕೂಗಿದಳು, ಪದ ಕಟ್ಟಿದವನ ಹೆಸರು ಕೂಗಿದಳು, ಪ್ಲೇಟು ನಿಂತಿತು. ಮುದುಕನ ಬೆರಳೂ ಹೆಗಲ ಹತ್ತಿರ ನಿಂತಿತು.

"ತಲ ಏದಿ ಸಾಮೀ?" ಎಂದ. ತಲೆ ಎಲ್ಲಿ ಸ್ವಾಮಿ?

"ತಲೆ ಬರೋ ಜಾಗದಾಗೆ ಅವರ ಹೆಸರು ಬಂತಲ್ಲಪ್ಪ" ಎಂದರು ನಿಮ್ಮ ತಾತ.

ಸಾಹುಕಾರನಿಗೆ ವಿಭೂತಿಯ ಮೇಲೆ ಬೆವರು ಇಳಿಯಿತು. "ನೇಯೋರ ಕುಚೋದ್ಯ ಇದು! ಬೇಕೂಂತ ಕೆಡಿಸಿದೀರಿ!" ಎಂದು ಕೂಗಿದ. ಆಗ ನಾನು ಎದ್ದು ನಿಂತೆ. ಎದ್ದದ್ದು ನನಗೇ ಗೊತ್ತಾಗಲಿಲ್ಲ. ಸೆರಗು ಬಾಯಿಗೆ ಅಡ್ಡ ಇತ್ತು. ಆದರೂ ಮಾತು ಸರಿಯಾಗಿಯೇ ಬಂತು.

"ಕೆಡಿಸಿಲ್ಲ ಸಾಹುಕಾರ್ರೆ. ಪದ ಕಟ್ಟಿದೋರು ನೀವು. ಉಳಿದ ಎರಡು ನುಡಿ ಹೇಳ್ರಿ. ಕಟ್ಟಿದೋರಿಗೆ ಗೊತ್ತಿರ್ಬೇಕಲ್ಲ. ನೀವು ಹೇಳಿದ್ರೆ ಊರಿಗೆ ಹೋಗಿ ಇನ್ನೊಂದು ಸೀರೆ ತಲೆ ಸಮೇತ ನೇಯ್ದು ತಂದು ಕೊಡ್ತೀವಿ."

"ಹೇಳ್ರಿ, ಹೇಳ್ರಿ" ಎಂದು ಜನ ಹಿಡಿದುಕೊಂಡರು. "ಅಮ್ಮನೋರನ್ನ ಕೇಳ್ರಿ!" ಎಂದ ಒಬ್ಬ. ಸಾಹುಕಾರ ಬೆರಳು ಮಡಿಸಿ ಎಣಿಸಲು ಹೋದ. ನಾಲ್ಕು ಮನೆ, ಎಂದ. ಎಷ್ಟು ಬಾಗಿಲು ಎಂದು ತಿಳಿಯದೆ ನಿಂತ. ಆಮೇಲೆ ಅವನ ಕಣ್ಣು ಹೆಂಗಸರ ಸಾಲಿನಲ್ಲಿ ಹುಡುಕಿ ಅವ್ವನ ಮೇಲೆ ನಿಂತಿತು. ಧ್ವನಿ ಒಮ್ಮೆಗೇ ಬೆಲ್ಲವಾಯಿತು.

"ಏನಮ್ಮ, ನೀನು ಹೇಳ್ತಿದ್ದೆಯಲ್ಲ, ಕೊನೇವು ಎರಡು? ಹೇಳು, ಹೇಳು ತಾಯಿ."

ಅವನ ಬಾಯಿಂದಲೇ ಬಂತು. ಚಪ್ಪರದಲ್ಲಿ ಇದ್ದವರೆಲ್ಲ ಕೇಳಿದರು. ನಾನು ಮೂರು ವರ್ಷ ಕಾದದ್ದು ಆ ಮಾತಿಗೆ. ಎಲ್ಲರೂ ಅವ್ವನ ಕಡೆ ತಿರುಗಿದರು. ಅವಳು ಎದ್ದು ಹಾಡುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ. ಕೂತಲ್ಲಿಂದಲೇ, ಬಹಳ ಮರ್ಯಾದೆಯಿಂದ ಹೇಳಿದಳು:

"ಪ್ಲೇಟ್ನಲ್ಲಿ ಇರೋದೇ ಹಾಡು ಅಂತ ನೀವೇ ಹೇಳಿದ್ರಲ್ಲ ಸಾಹುಕಾರ್ರೆ. ಬಾಕಿದ್ದು ಬಾಲ. ಬಾಲ ತಗೊಂಡು ತಲೆಗೆ ಹೆಂಗೆ ಹಚ್ತೀರಾ?"

ಅವತ್ತಿನ ನಗು ನಾನು ಸಾಯುವ ತನಕ ನನ್ನ ಕಿವಿಯಲ್ಲಿ ಇರುತ್ತದೆ. ಸಾಹುಕಾರ ಒಳಗೆ ಹೋದವನು ಊಟಕ್ಕೂ ಹೊರಗೆ ಬರಲಿಲ್ಲ. ಹನ್ನೊಂದನೇ ವರ್ಷ ಎಂಬುದು ಆ ಮನೆಯಲ್ಲಿ ನಡೆಯಲಿಲ್ಲ. ಹಾಡಿದಾಕೆಗೆ ನಾನು ಆಮೇಲೆ ಬೇರೆ ಸೀರೆ ಕಳಿಸಿದೆ, ಅವಳು ನನಗೇನೂ ಮಾಡಿರಲಿಲ್ಲ. ಆ ಸಾಹುಕಾರನಿಗೆ ಮಾತ್ರ ಅಯ್ಯೋ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ನಿಮಗೆ ಒಳ್ಳೆಯ ಬುದ್ಧಿ ಹೇಳಬೇಕಾದ ಅಜ್ಜಿ ಹೀಗೆ ಬರೆಯಬಾರದೇನೋ. ಆದರೆ ಅನ್ನಿಸಲಿಲ್ಲ.

ನಿಮ್ಮ ತಾತ ಹೇಳಿದ ಹಾಗೇ ಆಯಿತು. ಅವನು ನಮ್ಮ ಸೀರೆ ಬಿಟ್ಟ. ನಾವು ಬಳ್ಳಾರಿಗೆ ಹೊತ್ತೆವು. ಎರಡು ವರ್ಷ ಬಹಳ ಕಷ್ಟ ಪಟ್ಟೆವು, ಅದನ್ನು ಮುಚ್ಚಿಡುವುದಿಲ್ಲ. ಅವ್ವ ಮಾತ್ರ ಚಳ್ಳಕೆರೆಯಿಂದ ಬಂದ ಮೂರನೇ ದಿನವೇ ರಾಟೆ ಬಿಟ್ಟು ಎದ್ದು ಬಂದು, "ಸರಿ ಅತ್ಲಾಗೆ" ಎಂದು ನನ್ನ ಕೈಯಿಂದ ದಾರಗಳನ್ನು ಕಿತ್ತುಕೊಂಡಳು. ಅಂದಿನಿಂದ ಮನೆಯಲ್ಲಿ ಮತ್ತೆ ಹಾಡು.

ಅದರ ಮರುವರ್ಷ, ಬೇಸಿಗೆಯ ಒಂದು ಬೆಳಿಗ್ಗೆ, ಸಾಹುಕಾರನ ಕಡೆಯ ಒಬ್ಬ ಮನುಷ್ಯ ಜಗಲಿಗೆ ಬಂದ. ಅವನ ಒಡೆಯ ಹೊಸ ಪ್ಲೇಟು ಮಾಡಿಸುತ್ತಾನಂತೆ, ಈ ಸಲ ಕೊನೆಗೆ ಅವ್ವನ ಹೆಸರನ್ನೇ ಕೂಗಿಸುತ್ತಾನಂತೆ, ಉಳಿದ ಎರಡು ನುಡಿ ಹೇಳಿಕೊಟ್ಟರೆ ಸಾಕಂತೆ. ಒಳಗಿನಿಂದ ಅವ್ವನ ಹಾಡು ಬೀದಿಗೆ ಕೇಳುವಷ್ಟು ಜೋರಾಗಿ ಬರುತ್ತಿತ್ತು, ಐದನೇ ನುಡಿಯೋ ಆರನೆಯದೋ. ನಾನು ಬಾಗಿಲಲ್ಲಿ ನಿಂತುಕೊಂಡು, "ಅವ್ವನಿಗೆ ಮರ್ತು ಹೋಗೈತೆ" ಅಂದೆ. ಆ ಮನುಷ್ಯ ಬಾಗಿಲ ಒಳಗೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೋದ.

ಅವನು ಹೋದ ಮೇಲೆ ನಾನು ಅಂದದ್ದು ಸರಿಯೇ ಎಂದು ಯೋಚಿಸಿದೆ. ಪ್ಲೇಟಿನಲ್ಲಿ ಅವ್ವನ ಹೆಸರು ಬರಬಹುದಾಗಿತ್ತು. ಅದನ್ನು ಬೇಡ ಅನ್ನಲು ನಾನು ಯಾರು? ಒಳಗೆ ಹೋಗಿ ನಡೆದದ್ದನ್ನು ಹೇಳಿ, ತಪ್ಪು ಮಾಡಿದೆನಾ ಎಂದು ಕೇಳಿದೆ. ಅವ್ವ ದಾರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ತಪ್ಪೇ" ಎಂದಳು. "ನನ್ನ ಕರೀಬೇಕಾಗಿತ್ತು ನೀನು. ನಾನಾಗಿದ್ರೆ ಆ ಮನುಷ್ಯನ್ನ ಕೂರ್ಸಿ, ಮಜ್ಜಿಗೆ ಕೊಟ್ಟು, ಒಂಬತ್ತನೇದನ್ನ ಚೆನ್ನಾಗಿ ಬಾಯಿಪಾಠ ಮಾಡ್ಸಿ ಕಳಿಸ್ತಿದ್ದೆ. ಎಂಟನೇದು ಇಲ್ದಂಗೆ."

ಕುತ್ತಿಗೆ ಇಲ್ಲದ ನವಿಲು, ಹೆಗಲ ಮೇಲೆ ನೇರ ಜುಟ್ಟು. ಮಗ್ಗದಲ್ಲಿ ಕೂತಿದ್ದ ನಿಮ್ಮ ತಾತ ಲಾಳಿ ಕೈಬಿಟ್ಟು ನಗಲು ಶುರು ಮಾಡಿದರು. ಅವ್ವ ನಗಲಿಲ್ಲ. "ಜರಿ ಸಿಕ್ಕಾಗ್ತೈತೆ, ಲಾಳಿ ಎತ್ಕೊಳ್ಳಪ್ಪ" ಎಂದು ಗದರಿಸಿ, ನಿಲ್ಲಿಸಿದ್ದ ನುಡಿಯನ್ನು ಮೊದಲಿನಿಂದ ಹಿಡಿದಳು.